ಗೂಟ ಹೊಡೆದು ಕೂತ ಅಲೆಮಾರಿ ದಂಡು: ‘ವಾರ್‌ಲಾರ್ಡ್ಸ್ ಆಫ್ ಡ್ರೇನರ್’ ವಿಮರ್ಶೆ

ಬೇಟೆ ಮತ್ತು ಲೂಟಿಯನ್ನೇ ನಂಬಿ ಬದುಕುವ ದಂಡು ಒಂದೇ ಜಾಗದಲ್ಲಿ ಹೆಚ್ಚು ದಿನ ಬೀಡು ಬಿಡುವಂತಿಲ್ಲ. ಸುತ್ತಲಿನ ಪ್ರಾಣಿಗಳು ಮುಗಿಯುತ್ತವೆ, ಸವಾರಿಯ ತೋಳಗಳಿಗೆ ಮಾಂಸ ಸಾಲುವುದಿಲ್ಲ, ನೆರೆಯವರು ಎಚ್ಚೆತ್ತುಕೊಳ್ಳುತ್ತಾರೆ. ಡೇರೆ ಕಿತ್ತು ಮುಂದೆ ಹೋಗಲೇಬೇಕು. ಓರ್ಕ್‌ಗಳೆಂಬ ಕಲ್ಪಿತ ಅಲೆಮಾರಿ ಯೋಧ ಜನಾಂಗದ ಬಗ್ಗೆ ಬಂದ ಯಾವುದೇ ಗೇಮನ್ನು ತೂಗಿ ನೋಡುವಾಗ ಮೊದಲು ಕೇಳಬೇಕಾದ್ದು ಇದನ್ನೇ: ಈ ಅನಿವಾರ್ಯ ಆಡುವವರ ಕೈಗೆ ತಟ್ಟುತ್ತದೆಯೋ, ಇಲ್ಲ ಕಥೆಯ ಮಾತಿನಲ್ಲೇ ಮುಗಿದುಹೋಗುತ್ತದೆಯೋ?

ಬ್ಲಿಝಾರ್ಡ್ ಕಂಪನಿಯ ಆನ್‌ಲೈನ್ ಗೇಮ್ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ಗೆ 2014ರ ನವೆಂಬರ್ 13ರಂದು ಬಂದ ಐದನೇ ಎಕ್ಸ್‌ಪ್ಯಾನ್ಷನ್, ಅಂದರೆ ದೊಡ್ಡ ಮುಂದುವರಿಕೆ, ‘ವಾರ್‌ಲಾರ್ಡ್ಸ್ ಆಫ್ ಡ್ರೇನರ್’. ಓರ್ಕ್‌ಗಳ ತವರು ನೆಲ, ಅವರ ಕುಲಗಳು, ಕುಲದ ಮುಖಂಡರು, ಇಷ್ಟನ್ನೇ ಮುಂದಿಟ್ಟುಕೊಂಡು ಇಷ್ಟು ದೊಡ್ಡದಾಗಿ ಕಟ್ಟಿದ ಗೇಮ್ ಇನ್ನೊಂದಿಲ್ಲ. ಹಾಗೆಯೇ, ತನ್ನ ವಿಷಯಕ್ಕೆ ತಾನೇ ಅಡ್ಡ ನಿಂತ ಗೇಮ್ ಕೂಡ ಇದೇ. ಅಲೆಮಾರಿಗಳ ಕಥೆ ಹೇಳಲು ಹೊರಟು ಆಡುವವರ ಕೈಗೆ ಒಂದು ಕೋಟೆ ಕೊಟ್ಟಿತು. ಗ್ಯಾರಿಸನ್ ಎಂಬ ಆ ಕೋಟೆಗೆ ಗೂಟ ಹೊಡೆದು ಕೂತವರು ಮತ್ತೆ ಏಳಲೇ ಇಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಇತಿಹಾಸ. 1994ರ ಮೊದಲ ವಾರ್‌ಕ್ರಾಫ್ಟ್‌ನಲ್ಲಿ ಓರ್ಕ್‌ಗಳು ಬಾಗಿಲು ಮುರಿದು ಬಂದ ಆಕ್ರಮಣಕಾರರು, ಅಷ್ಟೇ. 2002ರ ‘ವಾರ್‌ಕ್ರಾಫ್ಟ್ 3’ ಅವರಿಗೊಂದು ಹಿಂದಿನ ಬದುಕು ಕೊಟ್ಟಿತು. ಡ್ರೇನರ್ ಎಂಬ ಲೋಕದಲ್ಲಿ ಕಂದು ಚರ್ಮದ ಓರ್ಕ್‌ಗಳು ಕುಲ ಕುಲವಾಗಿ ಬಾಳುತ್ತಿದ್ದರು. ಪಂಚಭೂತಗಳನ್ನೂ ಹಿರಿಯರ ಆತ್ಮಗಳನ್ನೂ ಶಾಮನ್‌ಗಳ ಮೂಲಕ ಕೇಳಿಕೊಂಡು ನಡೆಯುತ್ತಿದ್ದರು. ಗುಲ್ಡಾನ್ ಎಂಬ ಓರ್ಕ್ ಮಾಂತ್ರಿಕನ ಮಾತು ನಂಬಿ ಮ್ಯಾನೊರಾತ್ ಎಂಬ ರಾಕ್ಷಸನ ರಕ್ತ ಕುಡಿದರು, ಅವನಿಗೆ ಆಳಾದರು. ಚರ್ಮ ಹಸಿರಾದದ್ದು ಆ ಕಾಲದ ಫೆಲ್ ಎಂಬ ರಾಕ್ಷಸ ಮಾಟದಿಂದ. ರಕ್ತವನ್ನು ಮೊದಲು ಕುಡಿದವನು ವಾರ್‌ಸಾಂಗ್ ಕುಲದ ಗ್ರೊಮ್ಮಾಶ್ ಹೆಲ್‌ಸ್ಕ್ರೀಮ್. ಈ ಎಕ್ಸ್‌ಪ್ಯಾನ್ಷನ್‌ನಲ್ಲಿ ಅವನ ಮಗ ಗ್ಯಾರೋಶ್ 35 ವರ್ಷ ಹಿಂದಕ್ಕೆ ಹೋಗಿ, ತಂದೆ ಆ ರಕ್ತ ಕುಡಿಯದಂತೆ ತಡೆಯುತ್ತಾನೆ. ಬದಲಿಗೆ ತನ್ನ ಕಾಲದ ಯುದ್ಧಯಂತ್ರಗಳ ತಿಳಿವಳಿಕೆ ಕೊಡುತ್ತಾನೆ. ಕುಲಗಳೆಲ್ಲ ಒಂದಾಗಿ ಐರನ್ ಹೋರ್ಡ್ ಹುಟ್ಟುತ್ತದೆ. ರಾಕ್ಷಸರ ಗುಲಾಮಗಿರಿ ತಪ್ಪಿತು, ಆದರೆ ಅಲೆಮಾರಿ ಬದುಕು ಉಳಿಯಲಿಲ್ಲ. ಡೇರೆಗಳಿದ್ದ ಕಡೆ ಕುಲುಮೆ, ತೋಳದ ಜಾಡಿದ್ದ ಕಡೆ ರೈಲು ಹಳಿ ಬಂತು.

ಈ ಮುಖ್ಯ ಕಲ್ಪನೆ ನಿಜಕ್ಕೂ ಒಳ್ಳೆಯದು. ಅದು ಹೆಚ್ಚು ಬಲವಾಗಿ ಕಾಣುವುದು ಎರಡು ಕಡೆ: ಶುರುವಿನ ಫ್ರಾಸ್ಟ್‌ಫೈರ್ ರಿಡ್ಜ್‌ನಲ್ಲಿ, ಕೊನೆಯ ನಾಗ್ರಾಂಡ್‌ನಲ್ಲಿ.

ಆಡುವವರು ಹೋರ್ಡ್, ಅಲಯನ್ಸ್ ಎಂಬ ಎರಡು ಪಕ್ಷಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು; ಈ ಹೋರ್ಡ್ ಬೇರೆ, ಶತ್ರು ಐರನ್ ಹೋರ್ಡ್ ಬೇರೆ. ಫ್ರಾಸ್ಟ್‌ಫೈರ್ ರಿಡ್ಜ್ ಹೋರ್ಡ್ ಪಕ್ಷದವರ ಮೊದಲ ಪ್ರದೇಶ. ಹಿಮ, ಅದರ ನಡುವೆ ಕುದಿಯುವ ಲಾವಾ. ಇಲ್ಲಿ ಐರನ್ ಹೋರ್ಡ್‌ಗೆ ಸೇರಲು ಒಪ್ಪದ ಫ್ರಾಸ್ಟ್‌ವುಲ್ಫ್ ಕುಲವಿದೆ, ಮುಖಂಡ ಡ್ಯುರೊಟಾನ್. ವೋರ್‌ಗೋಲ್ ಎಂಬ ಅವರ ನೆಲೆಯಲ್ಲಿ ಒಂದು ಸುತ್ತು ನಿಧಾನಕ್ಕೆ ನಡೆದು ನೋಡಬೇಕು. ತೋಳಗಳು ಲಾಯದಲ್ಲಿ ಕಟ್ಟಿಹಾಕಿದ ಸವಾರಿ ಪಶುಗಳಲ್ಲ, ಜನರ ನಡುವೆಯೇ ಮಲಗಿರುತ್ತವೆ. ಈ ಕುಲದಲ್ಲಿ ತೋಳ ಜೊತೆಗಾರ. ಆ ಮಾತನ್ನು ಯಾರೂ ವಿವರಿಸಿ ಹೇಳಬೇಕಿಲ್ಲ, ಬೀಡಿನ ವಿನ್ಯಾಸವೇ ಹೇಳುತ್ತದೆ.

ಕಥೆಯ ಎಳೆಯೂ ಗಟ್ಟಿಯಾಗಿದೆ. ಮೂವರು ಅಣ್ಣತಮ್ಮಂದಿರು: ಗಾನರ್, ಫೆನ್ರಿಸ್, ಡ್ಯುರೊಟಾನ್. ಫೆನ್ರಿಸ್ ಕುಲ ಬಿಟ್ಟು, ದೈತ್ಯ ಗ್ರಾನ್‌ಗಳನ್ನು ಬೇಟೆಯಾಡುವ ಥಂಡರ್‌ಲಾರ್ಡ್ ಕುಲಕ್ಕೆ ಸೇರಿದ್ದಾನೆ. ಸ್ವಂತ ರಕ್ತದವನು ಬೇರೆ ಬಾವುಟದಡಿ ಹೋದರೆ ಅವನು ತಮ್ಮವನೋ ಪರಕೀಯನೋ ಎಂಬ ಪ್ರಶ್ನೆ ಕುಲಗಳ ಸಮಾಜಕ್ಕೆ ಬಹಳ ಹತ್ತಿರದ್ದು, ಅದನ್ನು ಇಲ್ಲಿ ಪೂರಾ ಬೆಳೆಸಿದ್ದಾರೆ. ಕೊನೆಗೆ ಥಂಡರ್ ಪಾಸ್ ಕಣಿವೆಯಲ್ಲಿ ಐರನ್ ಹೋರ್ಡ್ ನುಗ್ಗಿ ಬರುವಾಗ ಗಾನರ್ ದಾರಿಗೆ ಅಡ್ಡ ನಿಂತು ಉಳಿದವರಿಗೆ ಸಮಯ ಕೊಡುತ್ತಾನೆ. ಕಣಿವೆ ಅವನ ಮೇಲೇ ಮುಚ್ಚಿಹೋಗುತ್ತದೆ. ಆ ದೃಶ್ಯದ ಭಾರ ಇರುವುದು ಡ್ಯುರೊಟಾನ್‌ನ ಮುಖದಲ್ಲಿ: ಒಬ್ಬ ಅಣ್ಣ ಕುಲದ ಎದುರು ಕತ್ತಿ ಹಿಡಿದ, ಇನ್ನೊಬ್ಬನನ್ನು ಕುಲಕ್ಕಾಗಿ ಬಿಟ್ಟುಕೊಡಬೇಕಾಯಿತು. ಇಡೀ ಎಕ್ಸ್‌ಪ್ಯಾನ್ಷನ್‌ನಲ್ಲಿ ದಂಡಿನ ನೀತಿ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಜಾಗವಿಲ್ಲ.

ಇದೇ ಫ್ರಾಸ್ಟ್‌ಫೈರ್‌ನಲ್ಲೇ ಎಡವಟ್ಟೂ ಶುರುವಾಗುತ್ತದೆ. ಇಲ್ಲಿಗೆ ಬಂದಿಳಿಯುತ್ತಲೇ ಫ್ರಾಸ್ಟ್‌ವಾಲ್ ಎಂಬ ಗ್ಯಾರಿಸನ್ ಕಟ್ಟಲು ಹೇಳುತ್ತಾರೆ. ಮೂರನೇ ಹಂತಕ್ಕೆ ಬೆಳೆದಾಗ ಅದರಲ್ಲಿ 2 ದೊಡ್ಡ, 2 ಮಧ್ಯಮ, 3 ಸಣ್ಣ ನಿವೇಶನಗಳಿರುತ್ತವೆ. ಜೊತೆಗೆ ಗಣಿ, ಗಿಡಮೂಲಿಕೆ ತೋಟ, ಮೀನುಗಾರಿಕೆ ಗುಡಿಸಲು. ಆ ಹಂತಕ್ಕೆ 2000 ಗ್ಯಾರಿಸನ್ ರಿಸೋರ್ಸ್, 5000 ಗೋಲ್ಡ್ ಬೇಕು. ಅಂಗಳದ ಪೆಟ್ಟಿಗೆಯಲ್ಲಿ 10 ನಿಮಿಷಕ್ಕೆ 1ರಂತೆ ರಿಸೋರ್ಸ್ ತಾನಾಗಿ ತುಂಬುತ್ತದೆ, 500ಕ್ಕೆ ನಿಲ್ಲುತ್ತದೆ. ಲೆಕ್ಕ ಹಾಕಿದರೆ ಸುಮಾರು ಮೂರೂವರೆ ದಿನ. ಅಂದರೆ ನಾಲ್ಕು ದಿನಕ್ಕೊಮ್ಮೆಯಾದರೂ ಮನೆಗೆ ಬಾರದಿದ್ದರೆ ನಷ್ಟ. ಅಲೆಮಾರಿ ದಂಡಿಗೆ ಒಂದೇ ಕಡೆ ನಿಂತರೆ ನಷ್ಟವಾಗಬೇಕಿತ್ತು. ಈ ನಿಯಮದಲ್ಲಿ ಹೊರಗೆ ಅಲೆದರೆ ನಷ್ಟ. ಇಡೀ ಎಕ್ಸ್‌ಪ್ಯಾನ್ಷನ್‌ನ ತಪ್ಪು ಈ ಒಂದು ಪೆಟ್ಟಿಗೆಯೊಳಗೆ ಇದೆ.

ಉಳಿದದ್ದೂ ಅದೇ ದಿಕ್ಕಿಗೆ ಎಳೆಯುತ್ತದೆ. ಬೆಳಗ್ಗೆ ಲಾಗಿನ್ ಆದರೆ ಗಣಿ ಅಗೆಯಬೇಕು, ತೋಟ ಬಿಡಿಸಬೇಕು, ಕಸುಬಿನ ಗುಡಿಸಲುಗಳಿಗೆ ವರ್ಕ್ ಆರ್ಡರ್ ಕೊಡಬೇಕು, ಆಮೇಲೆ ಮೇಜಿನ ಮುಂದೆ ನಿಂತು ಅನುಚರರನ್ನು ಮಿಷನ್‌ಗಳಿಗೆ ಕಳಿಸಬೇಕು. ಅನುಚರರು ಏಕಕಾಲಕ್ಕೆ 20 ಜನ, ಬ್ಯಾರಕ್ಸ್ ಮೂರನೇ ಹಂತಕ್ಕೇರಿದರೆ 25. ಹೊರಗೆ ಹೋಗಿ ಬಡಿದಾಡುವವರು ಅವರು. ಹೆಸರಿನ ಮೇಲೆ ಒಂದು ಪಟ್ಟಿ ತುಂಬುತ್ತದೆ, ಕೆಲವು ಗಂಟೆಗಳಲ್ಲಿ ಲಾಭ ಬರುತ್ತದೆ. ದಂಡಿನ ಮುಖಂಡನೇ ದಂಡಿನ ಜೊತೆ ಹೋಗದ ವ್ಯವಸ್ಥೆ ಇದು. ಓರ್ಕ್ ಸಮಾಜದಲ್ಲಿ ಮುಖಂಡನ ಮಾತು ನಡೆಯುವುದು ಅವನು ಎಲ್ಲರಿಗಿಂತ ಮುಂದೆ ನಿಲ್ಲುವುದರಿಂದ. ಹಾಗೆ ನಿಲ್ಲದವನನ್ನು ಮಾಕ್‌ಗೋರಾ ಎಂಬ ದ್ವಂದ್ವಯುದ್ಧಕ್ಕೆ ಕರೆದು ಕೆಳಗಿಳಿಸಬಹುದು.

ಇನ್ನೂ ಒಂದು. ಗ್ಯಾರಿಸನ್ ಪ್ರತಿಯೊಬ್ಬರಿಗೂ ಪ್ರತ್ಯೇಕ. ಗ್ರೂಪ್ ಮಾಡಿಕೊಂಡು ಗೆಳೆಯರನ್ನು ಕರೆಯಬಹುದು, ಆದರೆ ಅಲ್ಲಿ ಎಲ್ಲರೂ ಸೇರಿ ಮಾಡುವ ಕೆಲಸ ಕಡಿಮೆ. ಸಾವಿರಾರು ಜನ ಒಂದೇ ಸರ್ವರ್‌ನಲ್ಲಿದ್ದೂ ತಮ್ಮ ತಮ್ಮ ಗೋಡೆಯೊಳಗೆ ಒಬ್ಬೊಬ್ಬರೇ. ಮೊದಲು ಘೋಷಿಸಿದಾಗ ಫ್ರಾಸ್ಟ್‌ಫೈರ್‌ನ ಬ್ಲೇಡ್‌ಸ್ಪೈರ್ ಡ್ರೇನರ್‌ನಲ್ಲಿ ಹೋರ್ಡ್‌ನ ರಾಜಧಾನಿ ಆಗುತ್ತದೆ ಎಂದಿದ್ದರು. ಓಗರ್ ಎಂಬ ದೈತ್ಯ ಜನಾಂಗದಿಂದ ಕಿತ್ತುಕೊಂಡ ಆ ಕೋಟೆಯಲ್ಲಿ ಕುಲಗಳೆಲ್ಲ ಸೇರುವ ಕಲ್ಪನೆ ಚೆನ್ನಾಗಿತ್ತು. ಕೊನೆಗೆ ಅದನ್ನು ಕೈಬಿಟ್ಟು ಆಶ್ರಾನ್ ಎಂಬ ದ್ವೀಪದ ವಾರ್‌ಸ್ಪಿಯರ್‌ಗೆ ಆ ಜಾಗ ಕೊಟ್ಟರು. ಗ್ಯಾರಿಸನ್‌ನಲ್ಲೇ ಬೇಕಾದ್ದೆಲ್ಲ ಸಿಗುವಾಗ ಅಲ್ಲಿಗೆ ಹೋಗಿ ನಿಲ್ಲುವ ಅಗತ್ಯ ಯಾರಿಗೂ ಬೀಳಲಿಲ್ಲ.

ಸಂಖ್ಯೆಗಳೂ ಇದನ್ನೇ ತೋರಿಸಿದವು. ಬಿಡುಗಡೆಯ ಹೊತ್ತಿಗೆ ಚಂದಾದಾರರು 1 ಕೋಟಿ ದಾಟಿದ್ದರು. 2015ರ ಮೊದಲ ತ್ರೈಮಾಸಿಕದ ಕೊನೆಗೆ 71 ಲಕ್ಷ, ಎರಡನೆಯದರ ಕೊನೆಗೆ 56 ಲಕ್ಷ. ಆ ವರ್ಷವೇ ಕಂಪನಿ ಚಂದಾದಾರರ ಸಂಖ್ಯೆ ಪ್ರಕಟಿಸುವುದನ್ನು ನಿಲ್ಲಿಸಿತು. ಗ್ಯಾರಿಸನ್ ಒಂದೇ ಕಾರಣವಲ್ಲ. 2015ರ ಜೂನ್‌ನಲ್ಲಿ ಹೆಲ್‌ಫೈರ್ ಸಿಟಡೆಲ್ ರೇಡ್ (ಹಲವರು ಗುಂಪಾಗಿ ಬಾಸ್‌ಗಳೆಂಬ ಬಲಶಾಲಿ ಶತ್ರುಗಳನ್ನು ಎದುರಿಸುವ ಸವಾಲು) ಬಂದ ಮೇಲೆ, ಮುಂದಿನ ಎಕ್ಸ್‌ಪ್ಯಾನ್ಷನ್ ಬಂದ 2016ರ ಆಗಸ್ಟ್ 30ರ ತನಕ ದೊಡ್ಡದೇನೂ ಬರಲಿಲ್ಲ. ಆದರೂ ಹೊಸದಿಲ್ಲದ ಆ 14 ತಿಂಗಳಲ್ಲಿ ಹಳೆಯ ನೆಲವನ್ನೇ ಸುತ್ತಾಡುವ ಹುರುಪು ಉಳಿಸಿಕೊಳ್ಳಲು ಗೇಮ್‌ಗೆ ಆಗದೆ ಹೋದದ್ದು ಗೋಡೆಯೊಳಗಿನ ಆ ಅಭ್ಯಾಸದಿಂದಲೇ.

ಇಲ್ಲಿ ‘ವಾರ್‌ಕ್ರಾಫ್ಟ್ 3’ಅನ್ನು ನೆನೆಯಲೇಬೇಕು. ಅದರಲ್ಲಿ ಓರ್ಕ್‌ಗಳಿಗೆ ‘ಪಿಲೇಜ್’ ಎಂಬ ಅಪ್‌ಗ್ರೇಡ್ ಇದೆ: ಪಿಯಾನ್ (ಕೆಲಸಗಾರ), ಗ್ರಂಟ್ (ಕಾಲಾಳು), ರೈಡರ್ (ತೋಳದ ಸವಾರ) ಶತ್ರುವಿನ ಕಟ್ಟಡಕ್ಕೆ ಹೊಡೆದ ಪ್ರತಿ ಏಟಿಗೂ ಸಂಪನ್ಮೂಲ ಕೈಸೇರುತ್ತದೆ. ಗಣಿಯ ಹತ್ತಿರ ಕೂರುವುದಕ್ಕಿಂತ ತೋಳವೇರಿ ದಾಳಿಗೆ ಹೋಗುವುದು ಲಾಭದಾಯಕವಾಗುವ ಹಾಗೆ ಒಂದೇ ನಿಯಮ ಮಾಡಿಬಿಡುತ್ತದೆ. ರೈಡರ್‌ನ ಬಲೆ ಓಡುವವರನ್ನು ಹಿಡಿದು ನಿಲ್ಲಿಸುತ್ತದೆ, ಬರೋ ಎಂಬ ಗುಡಿಸಲಿನೊಳಗೆ 4 ಪಿಯಾನ್‌ಗಳು ನುಗ್ಗಿ ಈಟಿ ಎಸೆಯುತ್ತಾರೆ. ಮನೆ, ಆಹಾರ, ರಕ್ಷಣೆ ಮೂರೂ ಒಂದೇ ಕಟ್ಟಡ. ದಂಡಿನ ಅರ್ಥವ್ಯವಸ್ಥೆಯನ್ನು ಹನ್ನೆರಡು ವರ್ಷ ಮೊದಲೇ ಇಷ್ಟು ಚಿಕ್ಕದಾಗಿ ಹೇಳಿದ ಕಂಪನಿ, ‘ಡ್ರೇನರ್’ನಲ್ಲಿ ಅದನ್ನು ಮರೆತದ್ದು ನೋವಿನ ಸಂಗತಿ.

ಕುಲಗಳ ಚಿತ್ರಣಕ್ಕೆ ಬಂದರೆ ಮೆಚ್ಚಲು ಬಹಳಷ್ಟಿದೆ. ಒಂದೊಂದು ಕುಲವೂ ತಾನಿರುವ ನೆಲದಿಂದ, ಕಸುಬಿನಿಂದ, ಹಳೆಯ ಗಾಯದಿಂದ ರೂಪುಗೊಂಡಿದೆ. ಶ್ಯಾಟರ್ಡ್ ಹ್ಯಾಂಡ್ ಕುಲದವರು ಕೈ ಕತ್ತರಿಸಿಕೊಂಡು ಅಲ್ಲಿ ಅಲಗು ಕೂರಿಸಿಕೊಳ್ಳುತ್ತಾರೆ. ಕೇಳಿದರೆ ಕ್ರೌರ್ಯ ಎನಿಸುತ್ತದೆ, ಕಾರಣ ತಿಳಿದರೆ ಬೇರೆ: ಅವರ ಮುಖಂಡ ಕಾರ್ಗಾತ್, ಓಗರ್‌ಗಳ ಹೈಮೌಲ್ ನಗರದ ಕಣದಲ್ಲಿ ಹೋರಾಡುವ ಗುಲಾಮನಾಗಿದ್ದ, ಸರಪಳಿಯಿಂದ ಬಿಡಿಸಿಕೊಳ್ಳಲು ತನ್ನ ಕೈಯನ್ನೇ ಕಡಿದುಕೊಂಡ. ಹೈಮೌಲ್ ರೇಡ್‌ನ 7 ಬಾಸ್‌ಗಳಲ್ಲಿ ಅವನೇ ಮೊದಲಿಗ, ಅದೂ ಅದೇ ಕಣದಲ್ಲಿ. ಬ್ಲೀಡಿಂಗ್ ಹಾಲೋ ಕುಲದ ಕಿಲ್ರಾಗ್ ತನ್ನ ಸಾವನ್ನು ಮುಂಚೆಯೇ ಕಾಣಲು ಒಂದು ಕಣ್ಣು ಕೊಟ್ಟವನು, ಹಾಗಾಗಿ ಅದಕ್ಕೆ ಮುಂಚಿನ ಯಾವ ಯುದ್ಧಕ್ಕೂ ಹೆದರುವುದಿಲ್ಲ. ಬರ್ನಿಂಗ್ ಬ್ಲೇಡ್‌ನವರು ಬೆನ್ನಿಗೆ ಬಾವುಟ ಕಟ್ಟಿ, ಉರಿಯುವ ಕತ್ತಿ ಹಿಡಿದು ಬರುತ್ತಾರೆ. ಗೋರ್‌ಗ್ರಾಂಡ್‌ನ ಕಾಡಿನ ಲಾಫಿಂಗ್ ಸ್ಕಲ್ ಮುಖವಾಡದವರು. ಅವರ ಕ್ವೆಸ್ಟ್‌ಗಳು, ಅಂದರೆ ಆಡುವವರಿಗೆ ಒಪ್ಪಿಸುವ ಕೆಲಸಗಳು, ಬೇಗ ಮುಗಿದುಹೋಗುತ್ತವೆ, ಇನ್ನಷ್ಟು ಬೇಕಿತ್ತು.

ಐರನ್ ಹೋರ್ಡ್‌ನ ಕಬ್ಬಿಣದ ಮುಖ ನೋಡಬೇಕಾದರೆ ಬ್ಲ್ಯಾಕ್‌ರಾಕ್ ಫೌಂಡ್ರಿ ರೇಡ್‌ಗೆ ಹೋಗಬೇಕು. 10 ಬಾಸ್‌ಗಳು, ಕೊನೆಗೆ ಬ್ಲ್ಯಾಕ್‌ರಾಕ್ ಕುಲದ ಮುಖಂಡ ಬ್ಲ್ಯಾಕ್‌ಹ್ಯಾಂಡ್. ಆಪರೇಟರ್ ಥೋಗರ್‌ನ ಜೊತೆಗಿನ ಯುದ್ಧ ನಡೆಯುವುದು 4 ರೈಲು ಹಳಿಗಳ ಮೇಲೆ. ಹೊಸಬರು ಸಾಯುವುದು ಬಾಸ್ ಹೊಡೆತಕ್ಕಲ್ಲ. ಕಣ್ಣನ್ನು ಅವನ ಮೇಲೇ ನೆಟ್ಟು ಹಳಿಯ ಮೇಲೆ ನಿಂತಿರುತ್ತಾರೆ, ರೈಲು ಬಂದು ಒರೆಸಿಕೊಂಡು ಹೋಗುತ್ತದೆ. ಹಳಿಯ ತುದಿಯ ಬಾಗಿಲು ತೆರೆಯುವುದನ್ನು ಗಮನಿಸುವ ಅಭ್ಯಾಸವಾದರೆ ಅರ್ಧ ಯುದ್ಧ ಗೆದ್ದ ಹಾಗೆ. ಬಯಲೆಲ್ಲ ತಮ್ಮದಾಗಿದ್ದ ಜನ ಈಗ ನಾಲ್ಕು ಗೆರೆಗಳ ನಡುವೆ ಓಡಾಡಬೇಕಾಗಿ ಬಂದದ್ದು ಆಟದ ನಿಯಮವಾಗಿಯೇ ಇಲ್ಲಿ ಅರಿವಿಗೆ ಬರುತ್ತದೆ. ಹಾಗಾಗಿ ಹೆಲ್‌ಫೈರ್ ಸಿಟಡೆಲ್‌ನ 13 ಬಾಸ್‌ಗಳಿಗಿಂತ ಈ ರೇಡ್ ಮೇಲು. ಆ ಕೊನೆಯ ರೇಡ್‌ನಲ್ಲಿ ಓರ್ಕ್‌ಗಳು ಪಕ್ಕಕ್ಕೆ ಸರಿದು ಮತ್ತೆ ರಾಕ್ಷಸರು ಬಂದು ಕೂರುತ್ತಾರೆ. ಅಷ್ಟು ಹೊತ್ತು ಶತ್ರುವಾಗಿದ್ದ ಗ್ರೊಮ್ಮಾಶ್ ಕೊನೆಯಲ್ಲಿ ಎದ್ದು ನಿಂತು ಡ್ರೇನರ್ ಸ್ವತಂತ್ರವಾಯಿತೆಂದು ಘೋಷಿಸುವುದು ಅವನು ಸಂಪಾದಿಸಿಕೊಂಡ ಮಾತು ಅನ್ನಿಸುವುದಿಲ್ಲ.

ಸಂಸ್ಕೃತಿಯ ವಿಷಯದಲ್ಲಿ ದೊಡ್ಡ ಕೊರತೆ ಕೋಶ್‌ಹಾರ್ಗ್. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮನಾಗುವ ಕಾಲದಲ್ಲಿ, ಚದುರಿಹೋದ ಕುಲಗಳೆಲ್ಲ ನಾಗ್ರಾಂಡ್‌ನ ಓಶುಗನ್ ಬೆಟ್ಟದ ಬುಡದಲ್ಲಿ ಸೇರುವ ಜಾತ್ರೆ ಅದು. ಜಗಳಕ್ಕೆ ವಿರಾಮ ಬೀಳುತ್ತದೆ, ಹೆಣ್ಣು ಗಂಡು ನೋಡುತ್ತಾರೆ, ಶಾಮನ್‌ಗಳು ಹಿರಿಯರ ಆತ್ಮಗಳ ಜೊತೆ ಮಾತಾಡುತ್ತಾರೆ. ಅಲೆಮಾರಿ ಕುಲಗಳನ್ನು ಒಂದು ಜನಾಂಗವಾಗಿ ಹಿಡಿದಿಟ್ಟಿದ್ದ ದಾರ ಇದೇ. ಆ ಪವಿತ್ರ ಬೆಟ್ಟ ನಿಜಕ್ಕೂ ಬೆಟ್ಟವಲ್ಲ, ಬೇರೆ ಲೋಕದ ಡ್ರೇನೈ ಜನ ಬಂದಿಳಿದ ಆಕಾಶದ ಹಡಗು ಎಂಬುದು ವಾರ್‌ಕ್ರಾಫ್ಟ್ ಇತಿಹಾಸದ ಅತಿ ಸೊಗಸಾದ ತಿರುವುಗಳಲ್ಲೊಂದು. ಓಶುಗನ್‌ಗೆ ನಾಗ್ರಾಂಡ್‌ನ ಕ್ವೆಸ್ಟ್‌ಗಳು ಕರೆದೊಯ್ಯುತ್ತವೆ, ಆದರೆ ಜಾತ್ರೆ ಎಲ್ಲೂ ಕಾಣುವುದಿಲ್ಲ. ಆ ಸಾಲ ತೀರಿದ್ದು 2023ರಲ್ಲಿ, ಓರ್ಕ್ ಪಾತ್ರಗಳಿಗೆಂದೇ ಬಂದ ಹೆರಿಟೇಜ್ ಕ್ವೆಸ್ಟ್‌ನಲ್ಲಿ. ಓಮ್‌ರಿಗ್ಗರ್ ಎಂಬ, ಹರೆಯಕ್ಕೆ ಬಂದವರು ಒಬ್ಬರೇ ಹೋಗಿ ಬೇಟೆಯಾಡಿ ಬರುವ ವಿಧಿಯ ಬಗ್ಗೆಯೂ ತಿಳಿಯಬೇಕೆನ್ನುವವರು ‘ಡ್ರೇನರ್’ ಮುಗಿಸಿದ ಮೇಲೆ ಅದನ್ನು ಆಡಬೇಕು.

ಈಗ ಆಡಲು ಹೊರಡುವವರಿಗೆ. ಹಳೆಯ ಎಕ್ಸ್‌ಪ್ಯಾನ್ಷನ್‌ಗಳೆಲ್ಲ ಚಂದಾದಲ್ಲೇ ಸೇರಿವೆ, ಬೇರೆ ಖರೀದಿ ಬೇಡ. ಹೋರ್ಡ್ ಪಕ್ಷವನ್ನೇ ಆರಿಸಿಕೊಳ್ಳಿ; ಅಲಯನ್ಸ್‌ನವರು ಶಾಡೋಮೂನ್ ವ್ಯಾಲಿಯಲ್ಲಿ ಶುರುಮಾಡುತ್ತಾರೆ, ಫ್ರಾಸ್ಟ್‌ವುಲ್ಫ್ ಕಥೆ ಅವರಿಗೆ ಸಿಗುವುದೇ ಇಲ್ಲ. ರಕ್ತ ಕುಡಿಯದ ಕಂದು ಓರ್ಕ್ ಬೇಕಿದ್ದರೆ ಮಾಗ್‌ಹಾರ್ ಎಂಬ ಪ್ರತ್ಯೇಕ ಜನಾಂಗವಿದೆ, ಹೆಸರಿನ ಅರ್ಥವೇ ಕೆಡದವರು ಎಂದು. ಹೋರ್ಡ್‌ನ ಮುಖ್ಯ ನಗರ ಓರ್ಗ್ರಿಮಾರ್‌ನಲ್ಲಿ, ಹಳೆಯ ಎಕ್ಸ್‌ಪ್ಯಾನ್ಷನ್‌ಗಳ ಕಾಲಕ್ಕೆ ಕಳಿಸುವ ಕ್ರೋಮಿ ಎಂಬ ಪಾತ್ರದ ಬಳಿ ಹೋಗಿ ಡ್ರೇನರ್ ಕಾಲವನ್ನು ಆರಿಸಿ. ಲೋಕಗಳ ನಡುವಿನ ಬಾಗಿಲಾದ ಡಾರ್ಕ್ ಪೋರ್ಟಲ್ ಮೇಲಿನ ದಾಳಿಯ ಪೀಠಿಕೆ ಮುಗಿಸಿದರೆ ಫ್ರಾಸ್ಟ್‌ಫೈರ್.

ಇಲ್ಲಿ ಹೆಚ್ಚಿನವರು ಎಡವುವುದು ಲೆವೆಲ್‌ನಲ್ಲಿ. ಇದನ್ನು 90ರಿಂದ 100ಕ್ಕೆ ನಿಧಾನವಾಗಿ ಏರುವಂತೆ ಹೆಣೆದಿದ್ದರು: ಫ್ರಾಸ್ಟ್‌ಫೈರ್, ಗೋರ್‌ಗ್ರಾಂಡ್, ತಲಾಡೋರ್, ಸ್ಪೈರ್ಸ್ ಆಫ್ ಅರಾಕ್, ಕೊನೆಗೆ ನಾಗ್ರಾಂಡ್. ಈಗ ಲೆವೆಲ್ ಬಹಳ ಬೇಗ ಏರುತ್ತದೆ. ಕ್ರೋಮಿ ಕಾಲದ ಮಿತಿ ಮುಟ್ಟಿದ ಕೂಡಲೇ ಆ ಕಾಲದಿಂದ ಹೊರಬೀಳುತ್ತೀರಿ, ಮುಂದಿನ ಎಕ್ಸ್‌ಪ್ಯಾನ್ಷನ್ ಕೈ ಹಿಡಿದು ಎಳೆಯುತ್ತದೆ, ನಾಗ್ರಾಂಡ್ ಹಾಗೇ ಉಳಿಯುತ್ತದೆ. ಓರ್ಗ್ರಿಮಾರ್‌ನ ಸ್ಲಾಟ್ಜ್ ಎಂಬಾತ 10 ಗೋಲ್ಡ್‌ಗೆ ಅನುಭವದ ಅಂಕ ನಿಲ್ಲಿಸಿಕೊಡುತ್ತಾನೆ. ಗೋರ್‌ಗ್ರಾಂಡ್ ಮುಗಿಸಿದ ಮೇಲೆ ಅವನ ಬಳಿ ಹೋಗಿ ಬನ್ನಿ. ಮೊದಲ ಸಲ ಹಾರುವ ವಾಹನ ಬೇಡ. ನೆಲದ ಮೇಲೆ ಹೋದರೆ ಮಾತ್ರ ಕ್ಲೆಫ್ಟ್‌ಹೂಫ್ ಹಿಂಡುಗಳು ಎಲ್ಲಿ ಮೇಯುತ್ತವೆ, ಓರ್ಕ್ ಬೀಡುಗಳು ನೀರಿಗೆ ಎಷ್ಟು ಹತ್ತಿರವಿವೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ.

ಗ್ಯಾರಿಸನ್ ಕಥೆಗೆ ಬೇಕಾದಷ್ಟು ಮಾತ್ರ ಕಟ್ಟಿ. ದೊಡ್ಡ ನಿವೇಶನ ಎರಡಾದಾಗ ಒಂದರಲ್ಲಿ ಸ್ಪಿರಿಟ್ ಲಾಡ್ಜ್, ಇನ್ನೊಂದರಲ್ಲಿ ಸ್ಟೇಬಲ್ಸ್. ಸ್ಪಿರಿಟ್ ಲಾಡ್ಜ್ ಮೂರನೇ ಹಂತದಲ್ಲಿ ಡ್ರೇನರ್‌ನ 3 ಕಡೆಗೆ ದಾರಿ ತೆರೆಯುತ್ತದೆ; ಅದಕ್ಕೆ ಬೇಕಾದ ಕಲ್ಲುಗಳನ್ನು ಓಗರ್‌ಗಳಿಂದಲೇ ಕಿತ್ತು ತರಬೇಕು. ಸ್ಟೇಬಲ್ಸ್ ಇಡೀ ಗ್ಯಾರಿಸನ್‌ನಲ್ಲಿ ಅಲೆಮಾರಿತನಕ್ಕೆ ಮರ್ಯಾದೆ ಕೊಡುವ ಏಕೈಕ ಕಟ್ಟಡ. ತೋಳ, ಟಾಲ್ಬಕ್, ಕಾಡುಹಂದಿ, ಕ್ಲೆಫ್ಟ್‌ಹೂಫ್, ಎಲೆಕ್, ರಿವರ್‌ಬೀಸ್ಟ್, ಹೀಗೆ 6 ಪ್ರಾಣಿಗಳನ್ನು ಕಾಡಿನಲ್ಲಿ ಹಿಡಿದು ತಂದು, ದಿನದಿನದ ಕ್ವೆಸ್ಟ್‌ಗಳಲ್ಲಿ ವಾರಗಟ್ಟಲೆ ಪಳಗಿಸಬೇಕು. ನಡುವೆ ಬಿಟ್ಟರೆ ಪಳಗಿಸುವಿಕೆ ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ ಆರನ್ನೂ ಒಟ್ಟಿಗೆ ಶುರುಮಾಡದೆ ಎರಡೆರಡನ್ನು ಹಿಡಿದು ಮುಗಿಸುವುದು ಮೇಲು.

ನಾಗ್ರಾಂಡ್‌ಗೆ ಬಂದಾಗ ಹೋರ್ಡ್‌ನ ಬೀಡು ವೋರ್‌ವಾರ್‌ನಲ್ಲಿ ಎರಡು ಆಯ್ಕೆ ಕೊಡುತ್ತಾರೆ: ಯುದ್ಧದ ಟ್ಯಾಂಕ್ ಕಟ್ಟುವ ಕಾರ್ಯಾಗಾರ, ಇಲ್ಲವೇ ಸವಾರಿ ಪ್ರಾಣಿಗಳ ದೊಡ್ಡಿ. ಟ್ಯಾಂಕ್‌ನ ಹೊಡೆತ ಜೋರು ಎಂದು ಅನೇಕರು ಅದನ್ನು ಆರಿಸುತ್ತಾರೆ. ದೊಡ್ಡಿಯನ್ನು ಆರಿಸಿ. ಅದರಿಂದ ಸಿಗುವ ಫ್ರಾಸ್ಟ್‌ವುಲ್ಫ್ ಯುದ್ಧತೋಳದ ಮೇಲೆ ಕೂತೇ ಹೋರಾಡಬಹುದು, ಇಳಿಯಬೇಕಿಲ್ಲ. ಇದು ನಾಗ್ರಾಂಡ್‌ನೊಳಗೆ ಮಾತ್ರ ನಡೆಯುತ್ತದೆ. ಬೇರೆಲ್ಲ ಕಡೆ ಸವಾರಿ ಎಂದರೆ ಒಂದು ಜಗಳದಿಂದ ಇನ್ನೊಂದಕ್ಕೆ ಹೋಗುವ ದಾರಿ; ಇಲ್ಲಿ ಸವಾರಿಯೇ ಜಗಳದ ರೀತಿ. ಗುಡ್ಡದ ಮೇಲಿಂದ ವಾರ್‌ಸಾಂಗ್ ಕುಲದ ಬೀಡೊಂದನ್ನು ನೋಡಿಕೊಂಡು, ಹುಲ್ಲಿನ ಇಳಿಜಾರಿನಲ್ಲಿ ನುಗ್ಗಿ, ಕಾವಲುಗಾರನಿಗೆ ಒಂದೇಟು ಕೊಟ್ಟು, ಉಳಿದವರು ಕೂಡುವ ಮೊದಲೇ ಇನ್ನೊಂದು ಬದಿಯಿಂದ ಹೊರಬೀಳಬಹುದು. ಗ್ಯಾರಿಸನ್‌ನ ಪೆಟ್ಟಿಗೆ ಅಷ್ಟು ಹೊತ್ತಿಗೆ 500 ತುಂಬಿ ನಿಂತಿರಬಹುದು. ನಿಂತಿರಲಿ ಬಿಡಿ.